ಯಾವ ಕೊಳವೆ, ಯಾವ ಕಂಬ? ನೀರು–ವಿದ್ಯುತ್ತಿಗೆ ನೆರವಾಗುವ ಭೌಗೋಳಿಕ ಮಾಹಿತಿ ವ್ಯವಸ್ಥೆ

ಕೆಲವು ವರ್ಷಗಳ ಹಿಂದಿನ ಮಾತು. ನಗರದ ನೀರು ಪೂರೈಕೆಯನ್ನು ಕುರಿತ ಕಾರ್ಯಕ್ರಮವೊಂದಕ್ಕಾಗಿ ನಮ್ಮ ತಂಡ ಬೆಳಗಿನ ಜಾವ ಒಂದು ಹಳೆಯ ಬಡಾವಣೆಗೆ ಹೋಗಿತ್ತು. ರಸ್ತೆಯ ಬದಿಯಲ್ಲಿ ಕೇಬಲ್ ಹಾಕಲು ಯಂತ್ರದಿಂದ ನೆಲ ಅಗೆಯುತ್ತಿದ್ದರು. ನಾವು ಕ್ಯಾಮೆರಾ ಜೋಡಿಸುವಷ್ಟರಲ್ಲಿ ನೀರಿನ ದೊಡ್ಡ ಕೊಳವೆಯೊಂದು ಒಡೆಯಿತು. ನೀರು ಮೊದಲನೆಯ ಮಹಡಿಯ ಎತ್ತರಕ್ಕೆ ಚಿಮ್ಮಿತು. ಸಿಬ್ಬಂದಿ ಓಡಿ ಬಂದರು. ಆದರೆ ನೀರು ನಿಲ್ಲಿಸಬೇಕಾದ ವಾಲ್ವ್ ಎಲ್ಲಿದೆ? ಕಚೇರಿಯಿಂದ ತಂದ ಹಳೆಯ ನಕ್ಷೆಯಲ್ಲಿ ಅದು ಒಂದು ಮರದ ಪಕ್ಕದಲ್ಲಿತ್ತು. ಆ ಮರವೇ ಈಗ ಇರಲಿಲ್ಲ. ವಾಲ್ವಿನ ಮುಚ್ಚಳದ ಮೇಲೆ ಯಾವಾಗಲೋ ಡಾಂಬರು ಬಿದ್ದಿತ್ತು.

ಕೊನೆಗೆ ಯಾರೋ ನಿವೃತ್ತರಾದ ವಾಲ್ವ್‌ಮನ್ ಒಬ್ಬರಿಗೆ ಫೋನು ಮಾಡಿದರು. ಅರ್ಧ ಗಂಟೆಯಲ್ಲಿ ಅವರು ಸೈಕಲ್ಲಿನಲ್ಲಿ ಬಂದರು. "ಯಜಮಾನ್ರೇ, ವಾಲ್ವ್ ಎಲ್ಲಿದೆ, ನೆನಪಿದೆಯಾ?" ಎಂದು ಕಿರಿಯ ಇಂಜಿನಿಯರ್ ಕೇಳಿದರು. ಹಿರಿಯರು ಒಂದು ಕಾಂಪೌಂಡ್ ಗೋಡೆಯ ಮೂಲೆಯಲ್ಲಿ ನಿಂತು, ಎದುರಿನ ಕಂಬವನ್ನು ನೋಡಿ, ಆರು ಹೆಜ್ಜೆ ಹಾಕಿ, "ಇಲ್ಲಿ ಅಗೀರಿ ಸಾರ್" ಎಂದರು. ಅಗೆದರೆ ಅಲ್ಲೇ ವಾಲ್ವ್! ಅಷ್ಟರಲ್ಲಿ ಎರಡು ಗಂಟೆಯ ನೀರು ಚರಂಡಿ ಸೇರಿತ್ತು. ಹೊರಡುವಾಗ ಅವರು ನನಗೆ ಹೇಳಿದ ಮಾತು ಇದು: "ಇದೆಲ್ಲ ನನ್ನ ತಲೇಲಿದೆ ಸಾರ್. ಯಾರೂ ಬರಕೊಂಡಿಲ್ಲ."

ವಿದ್ಯಾರ್ಥಿ ಮಿತ್ರರೇ, ಇಂದಿನ ನಮ್ಮ ವಿಷಯ ಆ ಮಾತಿನಲ್ಲಿಯೇ ಇದೆ. ಒಬ್ಬರ ತಲೆಯಲ್ಲಿರುವ ಸ್ಥಳಜ್ಞಾನವನ್ನು ಎಲ್ಲರಿಗೂ ದೊರಕುವಂತೆ, ಬೇಕಾದ ಕ್ಷಣದಲ್ಲಿ ಕಾಣುವಂತೆ ಬರೆದಿಡುವುದು ಹೇಗೆ? ಅದಕ್ಕೆ ವಿಜ್ಞಾನ ಕೊಟ್ಟಿರುವ ಸಾಧನವೇ ಭೌಗೋಳಿಕ ಮಾಹಿತಿ ವ್ಯವಸ್ಥೆ. ಇಂಗ್ಲಿಷಿನ ಮೊದಲಕ್ಷರಗಳನ್ನು ಸೇರಿಸಿ ಇದನ್ನು ಜಿಐಎಸ್ ಎಂದು ಕರೆಯುವುದು ರೂಢಿ.

ಒಂದೇ ನದಿ, ಎರಡು ವರ

ಮೊದಲು ನಮ್ಮ ರಾಜ್ಯದ್ದೇ ಒಂದು ಉದಾಹರಣೆ ನೋಡೋಣ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ ಉತ್ಪಾದನೆ ಆರಂಭವಾಗಿ, ಅದು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪಗಳು ಬೆಳಗಿದವು. ಅದೇ ಕಾವೇರಿಯ ನೀರು ಕುಡಿಯಲು ಬೆಂಗಳೂರನ್ನು ತಲುಪಿದ್ದು 1974ರಲ್ಲಿ. ಮೊದಲ ನಾಲ್ಕು ಹಂತಗಳಿಂದ ದಿನಕ್ಕೆ ಸುಮಾರು 1,450 ದಶಲಕ್ಷ ಲೀಟರ್ ನೀರು ಬರುವ ವ್ಯವಸ್ಥೆಯಾಯಿತು. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೆಯ ಹಂತ, ನಗರದ ಅಂಚಿನ 110 ಹಳ್ಳಿಗಳಿಗಾಗಿ ಇನ್ನೂ 775 ದಶಲಕ್ಷ ಲೀಟರ್ ಸೇರಿಸಲು ರೂಪಿಸಿದ್ದು.

ಈ ನೀರು ತಾನಾಗಿ ಹರಿದು ಬರುವುದಿಲ್ಲ. ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ ಮೂರು ಹಂತಗಳಲ್ಲಿ ಪಂಪು ಮಾಡಬೇಕು. ಕೊಳವೆಯ ಘರ್ಷಣೆಯನ್ನೂ ಸೇರಿಸಿದರೆ, ಪಂಪುಗಳ ಶ್ರಮ ನೀರನ್ನು ಸುಮಾರು 500 ಮೀಟರ್ ಎತ್ತರಕ್ಕೆ ಎತ್ತುವುದಕ್ಕೆ ಸಮ. ನೀವು ಭೌತಶಾಸ್ತ್ರದಲ್ಲಿ ಓದಿರುವ ಸೂತ್ರವನ್ನೇ ಹಾಕಿ ನೋಡಿ: ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ – ಈ ಮೂರರ ಗುಣಲಬ್ಧ. 1,000 ಲೀಟರ್ ನೀರಿಗೆ 1,000 × 9.8 × 500, ಅಂದರೆ 49 ಲಕ್ಷ ಜೌಲ್. ಒಂದು ಯೂನಿಟ್ ವಿದ್ಯುತ್ತು 36 ಲಕ್ಷ ಜೌಲ್‌ಗೆ ಸಮ. ಹಾಗಾದರೆ ಸುಮಾರು 1.36 ಯೂನಿಟ್ ಬೇಕಾಯಿತು. ಪಂಪು ಮತ್ತು ಮೋಟಾರುಗಳ ಒಟ್ಟು ದಕ್ಷತೆಯನ್ನು ಶೇ. 70 ಎಂದು ಹಿಡಿದರೆ ಅದು 2 ಯೂನಿಟ್‌ನ ಹತ್ತಿರಕ್ಕೆ ಹೋಗುತ್ತದೆ.

ಇದರ ಅರ್ಥವೇನು? ನಗರದ ರಸ್ತೆಯಡಿಯಲ್ಲಿ ಸೋರಿಹೋಗುವ ಪ್ರತಿ ಸಾವಿರ ಲೀಟರಿನೊಡನೆ ಎರಡು ಯೂನಿಟ್ ವಿದ್ಯುತ್ತೂ ಸೋರಿಹೋಗುತ್ತದೆ. ನೀರಿನ ಲೆಕ್ಕ ಮತ್ತು ವಿದ್ಯುತ್ತಿನ ಲೆಕ್ಕ ಬೇರೆ ಬೇರೆಯಲ್ಲ. ಎರಡೂ ಜಾಲಗಳು. ಎರಡರಲ್ಲಿಯೂ ಕೇಳಬೇಕಾದ ಮೊದಲ ಪ್ರಶ್ನೆ 'ಎಲ್ಲಿ?' ಎಂಬುದು.

ನಕ್ಷೆಯೊಂದಿಗೆ ಪಟ್ಟಿ

ಜಿಐಎಸ್ ಎಂದರೆ ಗಣಕಯಂತ್ರದ ಪರದೆಯ ಮೇಲೆ ಕಾಣುವ ಬಣ್ಣದ ನಕ್ಷೆ ಎಂದು ಹಲವರು ತಿಳಿಯುತ್ತಾರೆ. ಅದು ಅರ್ಧ ಸತ್ಯ. ನಕ್ಷೆಯ ಪ್ರತಿಯೊಂದು ಗುರುತಿನ ಹಿಂದೆಯೂ ಒಂದು ಪಟ್ಟಿ ಇರುತ್ತದೆ. ನಕ್ಷೆಯಲ್ಲಿ ಕೊಳವೆ ಬರಿಯ ಗೆರೆ. ಆದರೆ ಪಟ್ಟಿಯಲ್ಲಿ ಅದರ ವ್ಯಾಸವೆಷ್ಟು, ಅದು ಬೀಡುಕಬ್ಬಿಣದ್ದೋ ಪಿವಿಸಿಯದ್ದೋ, ಹೂಳಿದ ವರ್ಷ ಯಾವುದು, ಎಷ್ಟು ಆಳದಲ್ಲಿದೆ, ಎಷ್ಟು ಬಾರಿ ಒಡೆದಿದೆ ಎಂಬ ವಿವರಗಳಿರುತ್ತವೆ. ನಕ್ಷೆಯಿಂದ ಪಟ್ಟಿಗೂ ಪಟ್ಟಿಯಿಂದ ನಕ್ಷೆಗೂ ಹೋಗಬಹುದು. 'ನಲವತ್ತು ವರ್ಷಕ್ಕಿಂತ ಹಳೆಯದಾದ, ಎರಡಕ್ಕಿಂತ ಹೆಚ್ಚು ಬಾರಿ ಒಡೆದ ಕೊಳವೆಗಳನ್ನು ತೋರಿಸು' ಎಂದು ಕೇಳಿದರೆ ಅವಷ್ಟೇ ಕೆಂಪಾಗಿ ಕಾಣುತ್ತವೆ. ಹೊಸ ಕೊಳವೆಗೆ ಹಣವನ್ನು ಮೊದಲು ಎಲ್ಲಿ ಖರ್ಚು ಮಾಡಬೇಕೆಂದು ಹೀಗೆ ತಿಳಿಯುತ್ತದೆ.

ನಿಮ್ಮ ಮನೆಯ ಮುಂದಿನ ಚುಕ್ಕಿ ರಂಗೋಲಿಯನ್ನು ನೆನೆದುಕೊಳ್ಳಿ. ಅದರಲ್ಲಿ ಚುಕ್ಕಿ, ಗೆರೆ, ಗೆರೆಗಳು ಸುತ್ತುವರಿದ ಜಾಗ – ಈ ಮೂರೇ ಇವೆ. ಜಿಐಎಸ್‌ನಲ್ಲಿಯೂ ಅಷ್ಟೇ. ಕಂಬ, ವಾಲ್ವ್, ಮೀಟರುಗಳು ಚುಕ್ಕಿಗಳು. ತಂತಿ, ಕೊಳವೆಗಳು ಗೆರೆಗಳು. ನಿವೇಶನ, ವಾರ್ಡು, ಕೆರೆಗಳು ಜಾಗಗಳು. ಒಂದೊಂದು ಬಗೆಯ ಮಾಹಿತಿಯನ್ನೂ ಒಂದೊಂದು ಪದರವಾಗಿ ಇಡುತ್ತಾರೆ. ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದಂತೆ ಬೇಕಾದ ಪದರಗಳನ್ನು ಸೇರಿಸಿ ನೋಡಬಹುದು.

ಆದರೆ ಒಂದು ಎಚ್ಚರಿಕೆ ಬೇಕು. ರಂಗೋಲಿಯಲ್ಲಿ ಎರಡು ಗೆರೆಗಳು ದಾಟಿದರೆ ಅವು ಕೂಡಿದಂತೆ ಕಾಣುತ್ತವೆ. ನೆಲದಲ್ಲಿ ಹಾಗಲ್ಲ. ಒಂದು ಕೊಳವೆ ಇನ್ನೊಂದರ ಕೆಳಗೆ ಹಾದು ಹೋಗಿರಬಹುದು. ಯಾವುದು ಯಾವುದಕ್ಕೆ ನಿಜವಾಗಿ ಜೋಡಣೆಯಾಗಿದೆ ಎಂಬುದನ್ನು ಗಣಕಯಂತ್ರಕ್ಕೆ ಬೇರೆಯಾಗಿಯೇ ತಿಳಿಸಬೇಕು. ಈ ಜೋಡಣೆಯ ತಿಳಿವಳಿಕೆಯೇ ನೀರು–ವಿದ್ಯುತ್ ಜಾಲದ ಜಿಐಎಸ್‌ನ ಪ್ರಾಣ. ಅದಿಲ್ಲದಿದ್ದರೆ ಉಳಿಯುವುದು ಚಿತ್ರ ಮಾತ್ರ.

ಹಿಂದಿನ ಹೆಜ್ಜೆಗಳು

ನಕ್ಷೆಯಿಂದ ಉತ್ತರ ಹುಡುಕುವ ವಿಚಾರ ಗಣಕಯಂತ್ರಕ್ಕಿಂತ ಹಳೆಯದು. 1854ರಲ್ಲಿ ಲಂಡನ್ನಿನ ಸೋಹೊ ಪ್ರದೇಶದಲ್ಲಿ ಕಾಲರಾ ಹರಡಿತು. ವೈದ್ಯ ಜಾನ್ ಸ್ನೋ ಸಾವು ಸಂಭವಿಸಿದ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿದರು. ಗುರುತುಗಳು ಬ್ರಾಡ್ ಸ್ಟ್ರೀಟಿನ ಒಂದು ನೀರಿನ ಪಂಪಿನ ಸುತ್ತ ದಟ್ಟವಾಗಿದ್ದವು. ರೋಗ ಕೆಟ್ಟ ಗಾಳಿಯಿಂದ ಬರುತ್ತದೆ ಎಂದು ಬಹುಮಂದಿ ನಂಬಿದ್ದ ಕಾಲದಲ್ಲಿ ಅದು ನೀರಿನಿಂದ ಬರುತ್ತದೆ ಎಂಬ ಅವರ ವಾದಕ್ಕೆ ಆ ನಕ್ಷೆ ಬಲ ಕೊಟ್ಟಿತು.

1960ರ ದಶಕದಲ್ಲಿ ಕೆನಡಾದಲ್ಲಿ ರೋಜರ್ ಟಾಮ್ಲಿನ್‌ಸನ್ ಅವರು ದೇಶದ ಭೂಸಂಪತ್ತಿನ ಲೆಕ್ಕಕ್ಕಾಗಿ ಗಣಕಯಂತ್ರದಲ್ಲಿ ನಕ್ಷೆಗಳನ್ನು ಅಳವಡಿಸುವ ಕೆಲಸ ಕೈಗೊಂಡರು. ಜಿಐಎಸ್‌ನ ಪಿತಾಮಹ ಎಂದು ಅವರನ್ನೇ ಕರೆಯುತ್ತಾರೆ. ನಮ್ಮ ನಾಡಿಗೂ ಭೂಮಾಪನದ ನಂಟು ಹಳೆಯದು. ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ 1800ರಲ್ಲಿಯೇ ಆಧಾರ ರೇಖೆಯೊಂದನ್ನು ಅಳೆದಿದ್ದರು. ಎರಡು ವರ್ಷಗಳ ನಂತರ ಅವರೇ ಮದರಾಸಿನಲ್ಲಿ ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯನ್ನು ಆರಂಭಿಸಿದರು. 1988ರಲ್ಲಿ ಭಾರತದ ಮೊದಲ ಕಾರ್ಯಾಚರಣಾ ದೂರಸಂವೇದಿ ಉಪಗ್ರಹ ಐಆರ್‌ಎಸ್–1ಎ ಕಕ್ಷೆ ಸೇರಿತು.

ಆದರೆ ಉಪಗ್ರಹ ಎಲ್ಲವನ್ನೂ ಕಾಣುವುದಿಲ್ಲ. ಕಟ್ಟಡ, ರಸ್ತೆ, ಕೆರೆಗಳು ಮೇಲಿನಿಂದ ಕಾಣುತ್ತವೆ. ಹೂಳಿದ ಕೊಳವೆ ಕಾಣುವುದಿಲ್ಲ. ಅದನ್ನು ಹಿಡಿಯಲು ನೆಲವನ್ನು ಭೇದಿಸುವ ರೇಡಾರ್, ಲೋಹದ ಕೊಳವೆ ಪತ್ತೆ ಮಾಡುವ ಉಪಕರಣ, ಎಲ್ಲಕ್ಕಿಂತ ಮುಖ್ಯವಾಗಿ ಬೀದಿ ಬೀದಿ ನಡೆದು ಮುಚ್ಚಳ ತೆಗೆದು ನೋಡುವ ಮನುಷ್ಯರು ಬೇಕು. ಸ್ಥಳ ಗುರುತಿಸಲು ಜಿಪಿಎಸ್ ನೆರವಾಗುತ್ತದೆ. ಅಕ್ಷಾಂಶವನ್ನು ದಶಮಾಂಶದ ನಾಲ್ಕನೆಯ ಸ್ಥಾನದವರೆಗೆ ಬರೆದರೆ ಸುಮಾರು 11 ಮೀಟರ್, ಐದನೆಯ ಸ್ಥಾನದವರೆಗೆ ಬರೆದರೆ ಸುಮಾರು ಒಂದು ಮೀಟರ್ ನಿಖರತೆಯಲ್ಲಿ ಬರೆದಂತೆ. ಸಾಮಾನ್ಯ ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ತಪ್ಪಬಹುದು. ಡಾಂಬರಿನಡಿಯ ವಾಲ್ವ್ ಹುಡುಕುವವರಿಗೆ ಆ ಕೆಲವು ಮೀಟರೇ ದೊಡ್ಡದು. ಆದ್ದರಿಂದ ಇಂಥ ಕೆಲಸಕ್ಕೆ ಸೆಂಟಿಮೀಟರ್ ಮಟ್ಟದ ನಿಖರತೆಯುಳ್ಳ ಉಪಕರಣಗಳನ್ನು ಬಳಸುತ್ತಾರೆ.

ನೀರಿನ ಜಾಲದಲ್ಲಿ

ಈಗ ಆ ಒಡೆದ ಕೊಳವೆಗೆ ಮರಳೋಣ. ಜಿಐಎಸ್ ಇದ್ದಿದ್ದರೆ ಇಂಜಿನಿಯರ್ ಪರದೆಯ ಮೇಲೆ ಒಡೆದ ಜಾಗವನ್ನು ಒತ್ತುತ್ತಿದ್ದರು. ತಂತ್ರಾಂಶ ಆ ಬಿಂದುವಿನಿಂದ ಕೊಳವೆಯ ಗುಂಟ ಎಲ್ಲ ಕಡೆಗೂ 'ನಡೆದು', ಪ್ರತಿ ದಾರಿಯಲ್ಲಿಯೂ ಸಿಗುವ ಮೊದಲ ವಾಲ್ವಿನಲ್ಲಿ ನಿಲ್ಲುತ್ತದೆ. ಮುಚ್ಚಬೇಕಾದ ವಾಲ್ವುಗಳ ಪಟ್ಟಿ ಅಲ್ಲಿಗೆ ಸಿದ್ಧ. ಅವುಗಳ ನಡುವೆ ಸಿಕ್ಕಿಕೊಂಡ ಮನೆಗಳಿಗೆ ನೀರು ನಿಲ್ಲುತ್ತದೆ. ಅವುಗಳಲ್ಲಿ ಆಸ್ಪತ್ರೆಯೋ ಶಾಲೆಯೋ ಇದ್ದರೆ ಅಲ್ಲಿಗೆ ಮೊದಲು ಟ್ಯಾಂಕರ್ ಕಳುಹಿಸಬಹುದು. ಪಟ್ಟಿಯಲ್ಲಿರುವ ಒಂದು ವಾಲ್ವ್ ತುಕ್ಕು ಹಿಡಿದು ತಿರುಗದಿದ್ದರೆ? ಅದನ್ನು ಬಿಟ್ಟು ಮುಂದಿನ ವಾಲ್ವ್ ಹುಡುಕು ಎಂದರೆ ಹೊಸ ಪಟ್ಟಿ ಬರುತ್ತದೆ.

ಎರಡನೆಯ ಉಪಯೋಗ ಸೋರಿಕೆಯ ಪತ್ತೆ. ನಗರವನ್ನು ಚಿಕ್ಕ ಚಿಕ್ಕ ವಲಯಗಳಾಗಿ ಭಾಗಿಸಿ, ಪ್ರತಿ ವಲಯಕ್ಕೆ ನೀರು ಪ್ರವೇಶಿಸುವಲ್ಲಿ ದೊಡ್ಡ ಮೀಟರ್ ಇಡುತ್ತಾರೆ. ಒಂದು ವಲಯಕ್ಕೆ ದಿನಕ್ಕೆ 10 ಲಕ್ಷ ಲೀಟರ್ ಹೋಗಿದೆ, ಮನೆಗಳ ಮೀಟರುಗಳು ಒಟ್ಟು 7 ಲಕ್ಷ ತೋರಿಸುತ್ತಿವೆ ಎಂದಿಟ್ಟುಕೊಳ್ಳಿ. ಉಳಿದ 3 ಲಕ್ಷ ಲೀಟರ್ ಎಲ್ಲಿ? ಸೋರಿಕೆಯಿರಬಹುದು, ಕಳ್ಳ ಸಂಪರ್ಕವಿರಬಹುದು, ಮೀಟರುಗಳೇ ಕೆಟ್ಟಿರಬಹುದು. ದಿನವಿಡೀ ನೀರು ಇರುವ ವಲಯದಲ್ಲಿ ರಾತ್ರಿ ಎರಡರಿಂದ ನಾಲ್ಕು ಗಂಟೆಯ ನಡುವೆ, ಊರೆಲ್ಲ ಮಲಗಿರುವಾಗಲೂ ಮೀಟರ್ ಜೋರಾಗಿ ಓಡುತ್ತಿದ್ದರೆ ಸೋರಿಕೆಯ ಗುಮಾನಿ ಬಲವಾಗುತ್ತದೆ. ಯಾವ ಮನೆಯ ಮೀಟರ್ ಯಾವ ವಲಯಕ್ಕೆ ಸೇರಿದ್ದು ಎಂಬುದು ನಕ್ಷೆಯಲ್ಲಿ ಸರಿಯಾಗಿದ್ದರೆ ಮಾತ್ರ ಈ ಲೆಕ್ಕಕ್ಕೆ ಬೆಲೆ.

ಮೂರನೆಯದು ಆರೋಗ್ಯಕ್ಕೆ ಸಂಬಂಧಿಸಿದ್ದು. ನಮ್ಮ ಎಷ್ಟೋ ಊರುಗಳಲ್ಲಿ ನೀರು ದಿನವಿಡೀ ಬರುವುದಿಲ್ಲ. ನೀರು ನಿಂತಾಗ ಕೊಳವೆಯಲ್ಲಿ ಒತ್ತಡ ಇಳಿದು, ಬಿರುಕುಗಳಿಂದ ಹೊರಗಿನ ಕೊಳಕು ನೀರು ಒಳಗೆ ಸೇರಬಹುದು. ಕುಡಿಯುವ ನೀರಿನ ಕೊಳವೆಯ ಪದರ, ಒಳಚರಂಡಿಯ ಪದರ, 'ನೀರು ವಾಸನೆ ಬರುತ್ತಿದೆ' ಎಂಬ ದೂರುಗಳ ಪದರ – ಈ ಮೂರನ್ನೂ ಒಂದರ ಮೇಲೊಂದು ಇಟ್ಟರೆ ಎಲ್ಲಿ ಅಗೆಯಬೇಕೆಂಬುದು ತಿಳಿಯುತ್ತದೆ. ಜಾನ್ ಸ್ನೋ ಕೈಯಲ್ಲಿ ಮಾಡಿದ ಕೆಲಸವೇ ಇದು. ಒಂದು ದಿನ ಬೇಗ ತಿಳಿದರೆ ಎಷ್ಟೋ ಮಕ್ಕಳು ವಾಂತಿಭೇದಿಯಿಂದ ಪಾರಾಗುತ್ತಾರೆ.

ವಿದ್ಯುತ್ ಜಾಲದಲ್ಲಿ

ನಿಮ್ಮ ಮನೆಯ ವಿದ್ಯುತ್ ಬಿಲ್ಲನ್ನು ತೆಗೆದು ನೋಡಿ. ಅದರಲ್ಲಿ ಆರ್.ಆರ್. ನಂಬರ್ ಎಂದಿರುತ್ತದೆ. ಅದು ನಿಮ್ಮ ಸಂಪರ್ಕದ ಹೆಸರು. ಆ ನಂಬರ್ ಯಾವ ಕಂಬಕ್ಕೆ, ಆ ಕಂಬ ಯಾವ ಟಿ.ಸಿ.ಗೆ, ಅಂದರೆ ಟ್ರಾನ್ಸ್‌ಫಾರ್ಮರಿಗೆ, ಆ ಟಿ.ಸಿ. ಯಾವ 11 ಕಿಲೋವೋಲ್ಟ್ ಫೀಡರಿಗೆ, ಆ ಫೀಡರ್ ಯಾವ ಉಪಕೇಂದ್ರಕ್ಕೆ ಸೇರಿದೆ ಎಂದು ಸರಪಳಿಯಂತೆ ಜೋಡಿಸುವುದೇ ಗ್ರಾಹಕ ಸೂಚಿ. 2008ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಆರ್–ಎಪಿಡಿಆರ್‌ಪಿ ಯೋಜನೆಯಲ್ಲಿ, 30,000ಕ್ಕಿಂತ ಹೆಚ್ಚು ಜನಸಂಖ್ಯೆಯ ಪಟ್ಟಣಗಳಲ್ಲಿ ಜಿಐಎಸ್ ಆಧಾರದ ಇಂಥ ಸೂಚಿಯನ್ನು ತಯಾರಿಸುವುದು ಮುಖ್ಯ ಭಾಗವಾಗಿತ್ತು.

ಇದರಿಂದ ಏನು ಪ್ರಯೋಜನ? ಕರೆಂಟು ಹೋದಾಗ ಜನ 1912ಕ್ಕೆ ಕರೆ ಮಾಡುತ್ತಾರೆ. ಕರೆಗಳೆಲ್ಲ ಒಂದೇ ಟಿ.ಸಿ.ಯ ಮನೆಗಳಿಂದ ಬಂದರೆ ದೋಷ ಆ ಟಿ.ಸಿ.ಯಲ್ಲಿರಬಹುದು. ಒಂದೇ ಫೀಡರಿನ ಹಲವು ಟಿ.ಸಿ.ಗಳಿಂದ ಬಂದರೆ ದೋಷ ಇನ್ನೂ ಮೇಲಿದೆ. ಲೈನ್‌ಮನ್ ಮಳೆಯಲ್ಲಿ ಕಂಬ ಕಂಬ ಸುತ್ತಬೇಕಾಗಿಲ್ಲ. ಒಂದು ಟಿ.ಸಿ.ಯ ಕೆಳಗಿನ ಸಂಪರ್ಕಗಳ ಹೊರೆಯನ್ನು ಕೂಡಿಸಿ ನೋಡಿದರೆ ಅದು ಬೇಸಿಗೆಯಲ್ಲಿ ಸುಟ್ಟುಹೋಗುವ ಮೊದಲೇ ಪಕ್ಕದಲ್ಲಿ ಇನ್ನೊಂದನ್ನು ಹಾಕಬಹುದು. ಹಳ್ಳಿಯಲ್ಲಿ ಟಿ.ಸಿ. ಸುಟ್ಟರೆ ಒಣಗುವ ಪೈರಿನ ಸಂಕಟವನ್ನು ರೈತರ ಮನೆಯ ಮಕ್ಕಳಿಗೆ ನಾನು ಹೇಳಬೇಕಾಗಿಲ್ಲ.

ಫೀಡರಿಗೆ ಹೋದ ಯೂನಿಟ್‌ಗಳಿಂದ ಗ್ರಾಹಕರ ಮೀಟರುಗಳು ತೋರಿಸಿದ ಯೂನಿಟ್‌ಗಳನ್ನು ಕಳೆದರೆ ನಷ್ಟ ತಿಳಿಯುತ್ತದೆ. ನೀರಿನ ವಲಯದ ಲೆಕ್ಕದಂತೆಯೇ ಇದೂ. ಆದರೆ ಮೀಟರಿಲ್ಲದ ನೀರಾವರಿ ಪಂಪ್‌ಸೆಟ್ಟುಗಳು ಇರುವಲ್ಲಿ ಲೆಕ್ಕ ತೊಡಕಾಗುತ್ತದೆ. ರೈತರು ಬಳಸಿದ್ದೆಷ್ಟು, ತಂತಿಯಲ್ಲಿ ಕಳೆದದ್ದೆಷ್ಟು, ಕದ್ದದ್ದೆಷ್ಟು ಎಂದು ಬೇರ್ಪಡಿಸಲಾಗದೆ ನಷ್ಟವೆಲ್ಲ ರೈತರ ತಲೆಯ ಮೇಲೆ ಬೀಳುವ ಅಪಾಯವಿದೆ. ಯಾವ ಫೀಡರಿನಲ್ಲಿ ಎಷ್ಟು ಪಂಪ್‌ಸೆಟ್ಟುಗಳಿವೆ ಎಂಬುದನ್ನು ನಕ್ಷೆಯ ಮೇಲೆ ಗುರುತಿಸಿದರೆ ಲೆಕ್ಕ ನ್ಯಾಯವಾಗುತ್ತದೆ.

ಪ್ರಾಣದ ಪ್ರಶ್ನೆ

ಲೈನ್‌ಮನ್ ಕಂಬ ಹತ್ತುವ ಮೊದಲು 'ಲೈನ್ ಕ್ಲಿಯರ್' ಪಡೆಯಬೇಕು. ಅಂದರೆ ಆ ತಂತಿಗೆ ವಿದ್ಯುತ್ತು ನಿಲ್ಲಿಸಲಾಗಿದೆ ಎಂಬ ಅನುಮತಿ. ಆದರೆ ಒಂದು ತಂತಿಗೆ ಎರಡು ಕಡೆಯಿಂದ ವಿದ್ಯುತ್ತು ಬರುವಂತಿದ್ದರೆ? ಒಂದು ಕಡೆಯ ಸ್ವಿಚ್ಚು ತೆಗೆದು ಇನ್ನೊಂದನ್ನು ಮರೆತರೆ ಮೇಲಿದ್ದವರ ಗತಿಯೇನು? ಎಲ್ಲ ಸ್ವಿಚ್ಚುಗಳೂ ನಕ್ಷೆಯಲ್ಲಿ ಸರಿಯಾಗಿದ್ದರೆ, ತೆಗೆಯಬೇಕಾದವು ಯಾವುವು ಎಂದು ಜಿಐಎಸ್ ತೋರಿಸಬಲ್ಲದು.

ಇಲ್ಲಿಯೇ ಈ ವ್ಯವಸ್ಥೆಯ ಮಿತಿಯೂ ಇದೆ. ರಾತ್ರಿ ಬಿರುಗಾಳಿಗೆ ಕಂಬ ಬಿತ್ತು, ತುರ್ತಾಗಿ ಆ ಬೀದಿಯನ್ನು ಬೇರೆ ಫೀಡರಿಗೆ ಸೇರಿಸಿದರು, ಬೆಳಿಗ್ಗೆ ನಕ್ಷೆಯಲ್ಲಿ ತಿದ್ದಲಿಲ್ಲ ಎಂದುಕೊಳ್ಳಿ. ಆ ಕ್ಷಣದಿಂದ ನಕ್ಷೆ ಸುಳ್ಳು ಹೇಳತೊಡಗುತ್ತದೆ. ನಕ್ಷೆಯಿಲ್ಲದವನು ಹೆದರಿ ಪರೀಕ್ಷಿಸುತ್ತಾನೆ. ತಪ್ಪು ನಕ್ಷೆ ಇದ್ದವನು ನಂಬಿ ಕೈ ಹಾಕುತ್ತಾನೆ. ಆದ್ದರಿಂದ ಎಷ್ಟೇ ಒಳ್ಳೆಯ ನಕ್ಷೆಯಿದ್ದರೂ, ತಂತಿ ಮುಟ್ಟುವ ಮೊದಲು ವಿದ್ಯುತ್ತಿಲ್ಲವೆಂದು ಪರೀಕ್ಷಿಸಿ, ಅರ್ಥಿಂಗ್ ಮಾಡಬೇಕೆಂಬ ನಿಯಮ ಬದಲಾಗುವುದಿಲ್ಲ. ಜಿಐಎಸ್ ಮಾಡುವ ಖರ್ಚಿಗಿಂತ ಅದನ್ನು ದಿನದಿನವೂ ತಿದ್ದುವ ಶಿಸ್ತು ದೊಡ್ಡದು.

ಇನ್ನೊಂದು ತೊಡಕು ಇಲಾಖೆಗಳ ನಡುವಿನದು. ನೀರಿನವರ ನಕ್ಷೆ ಒಂದು, ವಿದ್ಯುತ್ತಿನವರದು ಮತ್ತೊಂದು, ಕೇಬಲ್ಲಿನವರದು ಮಗದೊಂದು. ಮೂರರಲ್ಲಿ ರಸ್ತೆಯೇ ಬೇರೆ ಬೇರೆ ಜಾಗದಲ್ಲಿದ್ದರೆ ಪದರಗಳು ಕೂಡುವುದಿಲ್ಲ. ಎಲ್ಲರಿಗೂ ಒಂದೇ ತಳನಕ್ಷೆ ಬೇಕು. ನೆಲ ಅಗೆಯುವವರು ಮೊದಲೇ ತಿಳಿಸಿ, ಕೆಳಗೆ ಯಾರ ಕೊಳವೆ–ಕೇಬಲ್ಲುಗಳಿವೆ ಎಂದು ಕೇಳಿಕೊಳ್ಳಲೆಂದು ಕೇಂದ್ರ ಸರ್ಕಾರ 2023ರ ಮಾರ್ಚಿನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಎಂಬ ಮೊಬೈಲ್ ಆ್ಯಪ್ ಹೊರತಂದಿತು. ಕೇಳುವವರೂ ಉತ್ತರಿಸುವವರೂ ಅದನ್ನು ಬಳಸಿದಾಗಲೇ ಅದು ಫಲ ಕೊಡುವುದು.

ನೀವೇ ಮಾಡಿ ನೋಡಿ

ಜಿಐಎಸ್ ಕಲಿಯಲು ದೊಡ್ಡ ಪ್ರಯೋಗಾಲಯ ಬೇಡ. ಚೌಕುಳಿ ಕಾಗದದ ಮೇಲೆ ನಿಮ್ಮ ಬೀದಿಯ ನಕ್ಷೆ ಬರೆಯಿರಿ. ಮನೆಗಳು, ಕಂಬಗಳು, ಟಿ.ಸಿ., ನೀರಿನ ವಾಲ್ವಿನ ಮುಚ್ಚಳ, ಒಳಚರಂಡಿಯ ಮುಚ್ಚಳಗಳನ್ನು ಹೆಜ್ಜೆಯಳತೆಯಲ್ಲಿ ಗುರುತಿಸಿ. ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟು, ಎದುರು ಪುಟದಲ್ಲಿ ವಿವರದ ಪಟ್ಟಿ ಬರೆಯಿರಿ. ಮುಂದೆ ಒಂದು ರಾತ್ರಿ ಕರೆಂಟು ಹೋದಾಗ ನಿಮ್ಮ ಮನೆಯೊಡನೆ ಯಾವ ಯಾವ ಮನೆಗಳು ಕತ್ತಲಾದವು, ಯಾವ ಮನೆಯಿಂದಾಚೆ ಬೆಳಕಿದೆ ಎಂದು ಗುರುತು ಮಾಡಿ. ಯುಪಿಎಸ್ ಇರುವ ಮನೆಗಳು ನಿಮ್ಮನ್ನು ಮೋಸಗೊಳಿಸಬಹುದು. ಅವನ್ನು ವಿಚಾರಿಸಿ ಬಿಟ್ಟುಬಿಡಿ. ಇಂಥ ಎರಡು ಮೂರು ರಾತ್ರಿಗಳ ಗುರುತಿನಿಂದ ನಿಮ್ಮ ಟಿ.ಸಿ.ಯ ಎಲ್ಲೆ ತಾನಾಗಿಯೇ ಮೂಡಿ ಬರುತ್ತದೆ! ಕಾಲೇಜಿನಲ್ಲಿ ಗಣಕಯಂತ್ರವಿದ್ದರೆ ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ ಇದನ್ನೇ ಮಾಡಬಹುದು. ಒಂದು ಮಾತು ಮಾತ್ರ ನೆನಪಿರಲಿ: ಯಾವ ಮುಚ್ಚಳವನ್ನೂ ತೆಗೆಯಬೇಡಿ, ಟಿ.ಸಿ.ಯ ಬೇಲಿಯ ಹತ್ತಿರ ಹೋಗಬೇಡಿ. ದೂರದಿಂದ ನೋಡಿ ಬರೆದರೆ ಸಾಕು.

ನಮ್ಮ ಹಳ್ಳಿಗಳಲ್ಲಿ ಕೆರೆಯ ತೂಬು ಎತ್ತಿ ಗದ್ದೆ ಗದ್ದೆಗೂ ನೀರು ಹಂಚುತ್ತಿದ್ದ ನೀರಗಂಟಿ ಇದ್ದ. ಯಾವ ಕಾಲುವೆ ಯಾರ ಗದ್ದೆಗೆ, ಎಷ್ಟು ಹೊತ್ತು ಎಂಬುದು ಅವನಿಗೆ ಬಾಯಿಪಾಠ. ಆ ಹಿರಿಯ ವಾಲ್ವ್‌ಮನ್ ನಗರದ ನೀರಗಂಟಿ. ಜಿಐಎಸ್ ಅವರ ಜಾಗವನ್ನು ಕಿತ್ತುಕೊಳ್ಳುವ ಯಂತ್ರವಲ್ಲ. ಅವರ ಅರಿವನ್ನು ಅವರ ನಂತರವೂ ಉಳಿಸುವ ಪುಸ್ತಕ. ಅಂದು ವಾಲ್ವ್ ಮುಚ್ಚಿ ನೀರು ನಿಂತ ಮೇಲೆ ಕಿರಿಯ ಇಂಜಿನಿಯರ್ ಅವರನ್ನು ಮತ್ತೆ ಆ ಗೋಡೆಯ ಮೂಲೆಗೆ ಕರೆದುಕೊಂಡು ಹೋದರು. ಟೇಪು ಹಿಡಿದು ಆ ಆರು ಹೆಜ್ಜೆಗಳನ್ನು ಅಳೆದು ಡೈರಿಯಲ್ಲಿ ಬರೆದುಕೊಂಡರು. ಆಮೇಲೆ ಕೇಳಿದರು: "ಯಜಮಾನ್ರೇ, ಮುಂದಿನ ಬೀದೀದು ಎಲ್ಲಿದೆ?"